ನಮ್ಮ ಹೊಲದ ಬರ್ಲಿನ್

ಫ್ಯಾನು ಹಾಕಿದರೆ ಹಾಳೆಗಳು ಹಾರುತ್ತವೆ, ಹಾಕದಿದ್ದರೆ ನಾನು ಬೇಯುತ್ತೇನೆ. ಸೀಗಿ ಹುಣ್ಣಿಮೆ ಹತ್ತಿರ ಬಂದರೂ ರೋಣದ ಬಿಸಿಲಿಗೆ ಇನ್ನೂ ಊರು ಬಿಡುವ ಮನಸ್ಸಾಗಿರಲಿಲ್ಲ. ಪಕ್ಕದ ಮನೆಯವರು ಪಾಗಾರದ ಗೋಡೆ ಕಟ್ಟಿಸುತ್ತಿದ್ದರು. ಗೌಂಡಿಗಳು ಬೇಡವೆಂದು ಎಸೆದ ಕಲ್ಲುಗಳು ನಮ್ಮ ಅಂಗಳದ ತನಕ ಉರುಳಿ ಬಂದಿದ್ದವು. ಅವುಗಳಲ್ಲೊಂದನ್ನು ತಂದು ಹಾಳೆಗಳ ಮೇಲೆ ಹೇರಿದೆ. ಗಜೇಂದ್ರಗಡದ ಗುಡ್ಡದ ಕೆಂಪು ಕಲ್ಲು, ಸುಲಿದ ತೆಂಗಿನಕಾಯಿಯಷ್ಟು ದಪ್ಪ. ಎತ್ತುವಾಗ ಕೈ ಒಂದು ಗಳಿಗೆ ತಡೆಯಿತು. ಆ ಭಾರ ನನ್ನ ಅಂಗೈಗೆ ಮೊದಲೇ ಗೊತ್ತಿತ್ತು.

ಹಾಳೆಗಳಲ್ಲಿ ಇದ್ದದ್ದು ಪ್ರಶ್ನೆಗಳು. ನನ್ನ ಹಳೆಯ ವಿದ್ಯಾರ್ಥಿ ಈರಣ್ಣ ಗಜೇಂದ್ರಗಡದಲ್ಲಿ ನೌಕರಿ ಪರೀಕ್ಷೆಗಳಿಗೆ ತಯಾರಿ ಮಾಡಿಸುವ ಒಂದು ಕ್ಲಾಸು ಇಟ್ಟುಕೊಂಡಿದ್ದಾನೆ. ಬಟ್ಟೆ ಅಂಗಡಿಯ ಮೇಲಿನ ಎರಡು ಖೋಲಿ, ಮೂವತ್ತು ಕುರ್ಚಿ, ಒಂದು ಬಿಳಿ ಹಲಗೆ. ಹಾಳೆಗಳನ್ನು ಕಳಿಸಿ ಫೋನು ಮಾಡಿದ್ದ.

"ಅಕ್ಕೋರ, ಹುಣ್ಣಿಮಿ ದಿನಾ ಮುಂಜಾನೆ ಒಂದ್ ತಾಸು ಬಂದ್ ಹೋಗ್ರಿ. ಹುಡುಗ್ರು ಹೊಲಕ್ಕ ಹೋಗೂದ್ರಾಗ ಮುಗಿಸಿಬಿಡೋಣ. ಶೀತಲ ಸಮರದಾಗ ಭಾಳ ಗೊಂದಲ ಮಾಡ್ಕೊಂಡಾರ. ನೀವು ಹೇಳಿದ್ರ ತಿಳೀತೈತಿ."

ಗೊಂದಲ ಬಿಡಿಸಲು ನನ್ನನ್ನು ಕರೆಯುವುದೆಂದರೆ ಹೊತ್ತಿದ ಬಣವಿಗೆ ಎಣ್ಣೆಯ ಕೊಡ ತಂದಂತೆ. ಇದು ಈರಣ್ಣನಿಗೆ ಗೊತ್ತಿಲ್ಲ. ಅವನ ಕಾಲದಲ್ಲಿ ನಾನು ಹಲಗೆಯ ಮೇಲೆ ‘ಶೀತಲ ಸಮರಕ್ಕೆ ಕಾರಣಗಳು’ ಎಂದು ಬರೆದು, ಕೆಳಗೆ ಗೆರೆ ಎಳೆದು, ಆರು ಅಂಶ ಹಾಕುತ್ತಿದ್ದೆ. ಆರು ಅಂಶಕ್ಕೆ ಆರು ಅಂಕ. ಐದು ಬರೆದವರ ಒಂದು ಅಂಕ ತಪ್ಪದೆ ಕತ್ತರಿಸುತ್ತಿದ್ದೆ. ಮೂವತ್ತು ವರ್ಷ ಹೀಗೆ ನಡೆಸಿ, ಹಾರ ಹಾಕಿಸಿಕೊಂಡು ನಿವೃತ್ತಳಾದವಳು ನಾನು.

ಈಗಿನ ಪರೀಕ್ಷೆಯಲ್ಲಿ ಆರು ಅಂಶ ಬೇಡ, ಒಂದೇ ಸಾಕು. ಮೂವತ್ತೇಳನೆಯ ಪ್ರಶ್ನೆ ಹೀಗಿತ್ತು: ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕ ಮತ್ತು ಸೋವಿಯತ್ ರಷ್ಯಾಗಳ ನಡುವೆ ಹಗೆ ಹುಟ್ಟಲು ಮೂಲ ಕಾರಣ ಯಾವುದು? ಅ, ರಷ್ಯಾದ ವಿಸ್ತರಣೆಯ ಹಂಬಲ. ಆ, ಅಮೆರಿಕದ ಅಣುಬಾಂಬು. ಇ, ಬಂಡವಾಳಶಾಹಿ ಮತ್ತು ಸಮತಾವಾದಗಳ ತತ್ವಭೇದ. ಈ, ಪರಸ್ಪರ ಅಪನಂಬಿಕೆ. ಈರಣ್ಣನ ಹತ್ತಿರ ಇದ್ದ ಒಂದು ಗೈಡು ‘ಅ’ ಅನ್ನುತ್ತದೆ, ಇನ್ನೊಂದು ‘ಈ’ ಅನ್ನುತ್ತದೆ. ಮೂರನೆಯದರಲ್ಲಿ ಉತ್ತರದ ಜಾಗದಲ್ಲಿ ಮಸಿ ಹರಡಿದೆ. ಮೂರರಲ್ಲಿ ನನಗೆ ಹೆಚ್ಚು ನಂಬಿಕೆ ಹುಟ್ಟಿದ್ದು ಅದರ ಮೇಲೆಯೇ.

ನೀವೇ ಹೇಳಿ, ಏನಂತ ಗುರುತು ಹಾಕುವುದು? ಪುಸ್ತಕ ತೆಗೆದರೆ ಒಬ್ಬರು ಹೇಳುತ್ತಾರೆ: ಯುದ್ಧ ಮುಗಿದರೂ ರಷ್ಯಾದ ಸೈನ್ಯ ತಾನು ಹೊಕ್ಕ ದೇಶಗಳನ್ನು ಬಿಟ್ಟು ಏಳಲಿಲ್ಲ, ಪೋಲೆಂಡಿನಲ್ಲಿ ತನ್ನವರನ್ನೇ ಗಾದಿಗೆ ಕೂರಿಸಿತು, ಹಗೆ ಹುಟ್ಟಿದ್ದು ಅಲ್ಲಿ. ಇನ್ನೊಬ್ಬರು, ಹಾಗಲ್ಲ, ಅಮೆರಿಕ ಬಾಂಬಿನ ಗುಟ್ಟನ್ನು ಜೊತೆಗಾರನಿಂದ ಮುಚ್ಚಿಟ್ಟಿತಲ್ಲ, ಅಲ್ಲಿ. ಮತ್ತೊಬ್ಬರು, ಅದಕ್ಕೂ ಮೊದಲು. ರಷ್ಯಾದವರು ಲಕ್ಷಗಟ್ಟಲೆ ಸಾಯುತ್ತ ‘ನೀವೂ ಆ ಕಡೆಯಿಂದ ಜರ್ಮನಿಯ ಮೇಲೆ ಬೀಳಿರಿ’ ಎಂದು ಕೇಳಿಕೊಳ್ಳುತ್ತಿದ್ದಾಗ ಅಮೆರಿಕದ ಕಡೆಯವರು ಇಂದು ನಾಳೆ ಎಂದು ವರ್ಷ ತಳ್ಳಿದರಲ್ಲ, ಅಲ್ಲಿ. ಇನ್ನೂ ಹಿಂದೆ ಹೋಗುವವರೂ ಇದ್ದಾರೆ: ರಷ್ಯಾದಲ್ಲಿ ಕ್ರಾಂತಿಯಾದ ಹೊಸದರಲ್ಲೇ ಇವರು ಅಲ್ಲಿಗೆ ದಂಡು ಕಳಿಸಿದ್ದರಂತೆ. ಓದುತ್ತ ಹೋದ ಹಾಗೆ ಜಗಳದ ಬುಡ ಹಿಂದೆ ಹಿಂದೆ ಸರಿಯುತ್ತದೆ. ನನ್ನ ಕೈಗೆ ಸಿಕ್ಕದ್ದು ಪಾಗಾರದ ಕಲ್ಲೊಂದೇ. ಅದನ್ನು ಹಾಳೆಯ ಮೇಲೆ ಆ ಕಡೆ ಈ ಕಡೆ ಸರಿಸುತ್ತ ಕೂತೆ, ಮತ್ತು ಸರಿಸುವುದು ಎಂಬ ಆ ಕೆಲಸವೇ ನನ್ನನ್ನು ಜಕ್ಕಲಿಗೆ ಎಳೆದುಕೊಂಡು ಹೋಯಿತು.

ಜಕ್ಕಲಿ ನನ್ನ ತವರು. ನಮ್ಮದು ಎರಿ ಹೊಲ. ಎರಿ ನೆಲ ನೋಡದವರಿಗೆ ಒಂದು ಮಾತು ಹೇಳಬೇಕು: ಕಾಡಿಗೆಯಂಥ ಆ ಕಪ್ಪು ಮಣ್ಣಿನಲ್ಲಿ ಜೋಳ, ಕಡಲೆ, ಕುಸುಬಿ ಏನು ಬೇಕಾದರೂ ಸಿಗುತ್ತದೆ, ಕಲ್ಲು ಮಾತ್ರ ಸಿಗುವುದಿಲ್ಲ. ನಾಯಿಗೆ ಎಸೆಯಬೇಕೆಂದರೂ ಮಣ್ಣಿನ ಹೆಂಟೆಯೇ ಗತಿ. ಒಲೆಗೆ ಮೂರು ಗುಂಡು ಬೇಕಾದರೆ ಗುಡ್ಡದ ಕಡೆಯಿಂದ ಬರುವ ಗಾಡಿಯವರಿಗೆ ಹೇಳಿ ತರಿಸುತ್ತಿದ್ದರು. ನನ್ನ ಕಥೆಗೆಲ್ಲ ಕಾರಣವೂ ಇದೇ ಎಂದು ನಲವತ್ತೈದು ವರ್ಷ ನಂಬಿಕೊಂಡಿದ್ದೆ.

ಆ ಹೊಲ ಮೊದಲು ನಮ್ಮದಾಗಿರಲಿಲ್ಲ. ನರಗುಂದದಲ್ಲಿದ್ದ ಧಣಿಯೊಬ್ಬರದು. ನನ್ನ ಅಪ್ಪನೂ ಪಕ್ಕದ ಮನೆಯ ಶಂಕ್ರಪ್ಪ ಕಾಕಾನೂ ಅದನ್ನು ಕೂಡಿ ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದರು. ಕಾಕಾ ಅಂದರೆ ರಕ್ತದ ಕಾಕಾ ಅಲ್ಲ, ಗೋಡೆಯ ಕಾಕಾ. ಎರಡೂ ಮನೆಗೆ ನಡುಗೋಡೆ ಒಂದೇ. ನಮ್ಮ ಮನೆಯಲ್ಲಿ ಒಂದು ಎತ್ತು, ಕೆಂದ. ಅವರ ಮನೆಯಲ್ಲಿ ಒಂದು, ಬಿಳಿಯ. ಒಂಟಿ ಎತ್ತಿನಿಂದ ಏನೂ ಆಗುವುದಿಲ್ಲ. ಅದಕ್ಕೆ ಎರಡನ್ನೂ ಒಂದೇ ನೊಗಕ್ಕೆ ಹೂಡುತ್ತಿದ್ದರು. ಬಿಳಿಯ ಎಡಕ್ಕೆ, ಕೆಂದ ಬಲಕ್ಕೆ. ವರ್ಷಗಟ್ಟಲೆ ಹಾಗೇ ನಡೆದು ಅವಕ್ಕೆ ಎಷ್ಟು ರೂಢಿಯಾಗಿತ್ತೆಂದರೆ, ನೀರು ಕುಡಿಯಲು ಬಿಟ್ಟಾಗಲೂ ಹಳ್ಳದ ದಂಡೆಯಲ್ಲಿ ಬಿಳಿಯ ಎಡಕ್ಕೇ ನಿಲ್ಲುತ್ತಿತ್ತು.

ಆಮೇಲೆ ಉಳುವವನೇ ಹೊಲದೊಡೆಯ ಎಂಬ ಕಾಯ್ದೆ ಬಂತು. ಅರ್ಜಿ ಹಾಕಿದರೆ ಧಣಿ ಹೊಲ ಬಿಡಿಸುತ್ತಾನೆಂಬ ಅಂಜಿಕೆ, ಹಾಕದಿದ್ದರೆ ಹೊಲ ಎಂದೂ ತಮ್ಮದಾಗದು. ಇಬ್ಬರೂ ಕೂಡಿ ಹಾಕಿದರು. ಅಪ್ಪ ಉಳುತ್ತಾನೆ ಎಂಬುದಕ್ಕೆ ಕಾಕಾ ಸಾಕ್ಷಿ, ಕಾಕಾ ಉಳುತ್ತಾನೆ ಎಂಬುದಕ್ಕೆ ಅಪ್ಪ ಸಾಕ್ಷಿ. ತಾರೀಖಿಗೊಮ್ಮೆ ರೋಣಕ್ಕೆ ನಡೆದು ಹೋಗುತ್ತಿದ್ದರು, ಇಬ್ಬರ ಬುತ್ತಿಯೂ ಒಂದೇ ವಸ್ತ್ರದಲ್ಲಿ. ಅವ್ವ ರೊಟ್ಟಿ ಬಡಿದರೆ ಕಾಕಾನ ಹೆಂಡತಿ ನೀಲವ್ವ ಚಿಗವ್ವ ಪಲ್ಯ ಕಟ್ಟುತ್ತಿದ್ದಳು. ಅವರು ತಿರುಗಿ ಬರುವ ತನಕ ಇಬ್ಬರು ಹೆಂಗಸರೂ ನಮ್ಮ ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದರು. ಆ ಎರಡು ಮನೆಗಳು ಅಷ್ಟು ಒಂದಾಗಿದ್ದದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಗೆದ್ದರು. ರೋಣದ ಹೋಟೆಲ್ಲಿನಲ್ಲಿ ಮಿರ್ಚಿ ತಿಂದು, ನಮಗೂ ಒಂದು ಪೊಟ್ಟಣ ಕಟ್ಟಿಸಿಕೊಂಡು ಬಂದರು. ಮರುವಾರ ಹಗ್ಗ ಹಿಡಿದು ಹೊಲ ಅಳೆದು ಎರಡು ಪಾಲು ಮಾಡಿದರು. ಸರಕಾರದ ಮೋಜಣಿಯವರು ಬಂದು ಅಳೆದು ಗೆರೆ ಹಾಕುವ ತನಕ ಗುರುತಿಗೆ ಇರಲಿ ಎಂದು, ಗಜೇಂದ್ರಗಡದ ಗುಡ್ಡದಿಂದ ಗಾಡಿಯಲ್ಲಿ ತಂದ ಐದು ಕೆಂಪು ಕಲ್ಲುಗಳನ್ನು ನಡುಗೆರೆಯುದ್ದಕ್ಕೂ ಇಟ್ಟರು. ಆ ಗಾಡಿಗೆ ಹೂಡಿದ್ದೂ ಕೆಂದ ಬಿಳಿಯರನ್ನೇ. ಕೂಡಿ ಎಳೆದ ಕೊನೆಯ ಗಾಡಿ ಅದು.

ಬನ್ನಿಮರ ಕಾಕಾನ ಪಾಲಿಗೆ ಬಿತ್ತು. ಅದರ ಕೆಳಗೆ ಸೀಗಿ ಹುಣ್ಣಿಮೆಗೆ ಎರಡೂ ಮನೆಯವರು ಪಾಂಡವರ ಪೂಜೆ ಮಾಡುತ್ತಿದ್ದೆವು. ಪಾಂಡವರೆಂದರೆ ಐದು ಕಲ್ಲು, ಸುಣ್ಣ ಬಳಿದು, ಕುಂಕುಮ ಹಚ್ಚಿ ಸಾಲಾಗಿ ಕೂರಿಸಿದ್ದು. ಅವರ ಹಿಂದೆ, ಸ್ವಲ್ಪ ಮರೆಯಲ್ಲಿ, ಆರನೆಯದೊಂದು ಇರುತ್ತದೆ. ಅದಕ್ಕೆ ಕಳ್ಳ ಅನ್ನುತ್ತಾರೆ. ಅವನು ಏನು ಕದ್ದ, ಪಾಂಡವರ ಬೆನ್ನಿಗೆ ಯಾಕೆ ಬಂದು ಕೂತ ಎಂದು ಕೇಳಿದರೆ ಹಿರಿಯರು "ಇರ್ತಾನ, ಇಡೂದು" ಎಂದು ಮುಗಿಸುತ್ತಿದ್ದರು. ಮರ ಯಾರ ಪಾಲಿಗೆ ಬಿದ್ದರೂ ಪೂಜೆ ಕೂಡಿಯೇ ಮಾಡೋಣ ಎಂದು ಅಪ್ಪ, ಕಾಕಾ ಮಾತಾಡಿಕೊಂಡಿದ್ದರು.

ಆ ವರ್ಷದ ಹುಣ್ಣಿಮೆಯ ದಿನ ನಾವು ಹೊಲಕ್ಕೆ ಹೋದಾಗ ಅವ್ವ ಬನ್ನಿಮರದ ಕಡೆ ತಿರುಗಲೇ ಇಲ್ಲ. ನಮ್ಮ ಪಾಲಿನ ಮೂಲೆಯಲ್ಲಿ ಒಂದು ಜಾಲಿಗಿಡದ ನೆರಳಿಗೆ ಬುಟ್ಟಿ ಇಳಿಸಿ, "ಐದ ಕಲ್ಲ ಹುಡಿಕ್ಕೊಂಡ ಬಾ, ಲಗೂ" ಅಂದಳು. ನನಗೆ ಆಗ ಎಂಟೋ ಒಂಬತ್ತೋ. ಎರಿ ಹೊಲದಲ್ಲಿ ಐದು ಕಲ್ಲು. ಹುಡುಕಿದೆ, ಹುಡುಕಿದೆ. ಕಡೆಗೆ ದೇವರೇ ತಂದಿಟ್ಟಂತೆ ಒಂದರ ಮುಂದೊಂದು, ಒಂದೇ ಅಳತೆಯವು, ಸಾಲಾಗಿ ಸಿಕ್ಕವು. ಲಂಗದ ಮಡಿಲಿನಲ್ಲಿ ಒಂದೊಂದನ್ನೇ ಹೊತ್ತು ತಂದೆ. ಅವ್ವ ಸುಣ್ಣ ಬಳಿದಳು. ಕಳ್ಳನಿಗೆ ಕಲ್ಲು ಸಾಲಲಿಲ್ಲ. ಅವನ ಜಾಗಕ್ಕೆ ಒಂದು ಮಣ್ಣಿನ ಹೆಂಟೆ ಇಟ್ಟಳು. ಅಪ್ಪ ಎತ್ತು ಮೇಯಿಸಿಕೊಂಡು ಬರುವ ಹೊತ್ತಿಗೆ ಪಾಂಡವರು ಬೆಳ್ಳಗೆ ಹೊಳೆಯುತ್ತ ಕೂತಿದ್ದರು. ಎಡೆ ಹಿಡಿದು, ಕಡಬು ತಿಂದು, ಉಳಿದ ಎಡೆಯನ್ನು ಹೊಲದ ತುಂಬ ಚರಗ ಚೆಲ್ಲಿ ಮನೆಗೆ ಬಂದೆವು. ಆ ಕಲ್ಲುಗಳ ಗುರುತು ಅಪ್ಪನಿಗೆ ಹತ್ತಲಿಲ್ಲವೋ, ಹತ್ತಿಯೂ ಸುಮ್ಮನಿದ್ದನೋ, ನನಗೆ ಇವತ್ತಿಗೂ ತಿಳಿಯದು.

ಎರಡು ದಿನ ಬಿಟ್ಟು ನೋಡಿದರೆ ನಡುಗೆರೆಯ ಮೇಲೆ ಜಾಲಿಮುಳ್ಳಿನ ಬೇಲಿ. ಕಾಕಾ ಹಾಕಿದ್ದು. ಗೆರೆಯಿಂದ ಒಂದು ಮೊಳ ನಮ್ಮ ಕಡೆಗೆ ಒತ್ತಿದೆ ಎಂದು ಅಪ್ಪ. ಗೆರೆ ಎಲ್ಲಿತ್ತು ಎಂದು ತೋರಿಸಲು ಕಲ್ಲುಗಳೇ ಇಲ್ಲವಲ್ಲ. ಕಾಕಾನ ಕಣ್ಣಿಗೆ ಕಲ್ಲುಗಳು ಎಲ್ಲಿಗೆ ಹೋಗಿವೆ ಎಂಬುದು ಸ್ಪಷ್ಟ: ನಮ್ಮ ಜಾಲಿಗಿಡದ ಕೆಳಗೆ, ಕುಂಕುಮ ಹಚ್ಚಿಸಿಕೊಂಡು. ಬದುವಿನ ಕಲ್ಲು ಕಿತ್ತವನ ಮನೆಗೆ ಹೋಗಿ ಕೇಳಬಹುದು. ಕಿತ್ತು ದೇವರು ಮಾಡಿಟ್ಟವನ ಹತ್ತಿರ ಏನು ಕೇಳುವುದು? ಪೂಜೆಯಾದ ಕಲ್ಲನ್ನು ಎತ್ತಿ ಬದುವಿಗೆ ಯಾರು ಇಡುತ್ತಾರೆ? ಅವನು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಒಂದು ಬೈಗುಳ ಇಲ್ಲ, ಒಂದು ಬಡಿಗೆ ಏಳಲಿಲ್ಲ. ಮಾತು ನಿಂತಿತು, ಅಷ್ಟೇ.

ಮುಂದಿನದು ನಗುವ ಸಂಗತಿ. ಅಪ್ಪ ಕೆಂದನಿಗೆ ಜೊತೆ ಹುಡುಕಲು ಸಂತೆಗೆ ಹೋಗಿ ತಂದ ಎತ್ತೂ ಬಲಕ್ಕೇ ರೂಢಿಯಾದದ್ದು. ಒಂದೇ ನೊಗಕ್ಕೆ ಎರಡು ಬಲದ ಎತ್ತು. ಆ ವರ್ಷ ನಮ್ಮ ಸಾಲುಗಳೆಲ್ಲ ಸೊಟ್ಟ. ಕಾಕಾ ರೇಡಿಯೋ ತಂದ, ಅಪ್ಪ ಅದಕ್ಕಿಂತ ದೊಡ್ಡದು ತಂದ. ಇಬ್ಬರೂ ಹಚ್ಚುತ್ತಿದ್ದದ್ದು ಅದೇ ಧಾರವಾಡ, ಅದೇ ಕೃಷಿ ಮಾತು. ಮರುವರ್ಷ ಮೋಜಣಿಯವರು ಬಂದು ಸರಪಳಿ ಹಿಡಿದರು. ಗೆರೆ ಹಗ್ಗದಿಂದ ಅಳೆದಲ್ಲಿಯೇ ಬಿತ್ತು, ನಾಲ್ಕು ಬೆರಳು ಆಚೆ ಈಚೆ. ಕಾಕಾ ಬೇಲಿ ಸರಿಸಿದ. ಆದರೂ ಮಾತು ಬರಲಿಲ್ಲ. ಓಣಿಯಲ್ಲಿ ಎದುರಾದಾಗ ಕೆಂದ ಬಿಳಿಯ ನಿಂತು ಒಂದರ ಮುಖ ಒಂದು ಮೂಸುತ್ತಿದ್ದವು, ಅಪ್ಪ, ಕಾಕಾ ಇಬ್ಬರೂ ಹಗ್ಗ ಜಗ್ಗಿ ಆ ಕಡೆ ಒಬ್ಬರು ಈ ಕಡೆ ಒಬ್ಬರು ಎಳೆದುಕೊಂಡು ಹೋಗುತ್ತಿದ್ದರು. ಇದನ್ನು ನೆನೆದರೆ ನಗು ಅಲ್ಲಿಗೇ ನಿಂತುಬಿಡುತ್ತದೆ.

ಹತ್ತನೆಯ ಇಯತ್ತೆಯಲ್ಲಿ ಸಮಾಜದ ಸರ್ ಹಲಗೆಯ ಮೇಲೆ ಜರ್ಮನಿಯ ನಕಾಶೆ ಬರೆದರು. ಯುದ್ಧದಲ್ಲಿ ಕೂಡಿ ಗೆದ್ದವರು ದೇಶವನ್ನು ಪಾಲು ಹಾಕಿಕೊಂಡರು, ಬರ್ಲಿನ್ ಊರು ರಷ್ಯಾದ ಪಾಲಿನ ನಟ್ಟನಡುವೆ ಬಿತ್ತು, ಆ ಊರಿನಲ್ಲಿ ಮತ್ತೆ ಎಲ್ಲರಿಗೂ ಪಾಲು ಎಂದರು. ಕ್ಲಾಸಿನಲ್ಲಿ ಯಾರಿಗೂ ತಿಳಿಯಲಿಲ್ಲ. ನನಗೆ ಮಾತ್ರ ಥಟ್ಟನೆ ತಿಳಿಯಿತು: ಬರ್ಲಿನ್ ಅಂದರೆ ನಮ್ಮ ಬನ್ನಿಮರ. ಆಮೇಲೆ ಅವರು ‘ಕಬ್ಬಿಣದ ಪರದೆ’ ಅಂದಾಗ ಜಾಲಿಮುಳ್ಳು ಕಂಡಿತು. ಖುಷಿಯಿಂದ ಕೇಳುತ್ತಿದ್ದವಳಿಗೆ, ಮೊದಲು ತಪ್ಪು ಮಾಡಿದವರು ಯಾರು ಎಂದು ಸರ್ ಕೇಳಿದ ಗಳಿಗೆಯಲ್ಲಿ, ಆ ಐದು ಕಲ್ಲು ನೆನಪಾದವು. ಅಲ್ಲಿಯ ತನಕ ಕಲ್ಲುಗಳ ವಿಚಾರ ನನ್ನ ತಲೆಗೆ ಬಂದೇ ಇರಲಿಲ್ಲ. ಯಾರು ಕಲ್ಲು ಸರಿಸಿದ್ದು? ಲಂಗದ ಮಡಿಲಿನಲ್ಲಿ ಹೊತ್ತು ತಂದವಳು ನಾನು.

ಅವತ್ತೇ ಮನೆಗೆ ಹೋಗಿ ಹೇಳಬಹುದಿತ್ತು. ಅಪ್ಪನ ಮುಂದೆ ನಿಂತೆ ಕೂಡ. ಅವನು ರೇಡಿಯೋದ ಕಿವಿ ಹಿಂಡುತ್ತಿದ್ದ. "ಏನವಾ" ಅಂದ. "ಏನಿಲ್ಲ" ಅಂದೆ. ನಾಳೆ ಹೇಳಿದರಾಯಿತು ಎಂದುಕೊಂಡು ಶಿಕ್ಷಕಿಯಾದೆ, ಮದುವೆಯಾಗಿ ರೋಣಕ್ಕೆ ಬಂದೆ, ಇಡೀ ತಾಲೂಕಿನ ಮಕ್ಕಳಿಗೆ ಶೀತಲ ಸಮರದ ಆರು ಕಾರಣ ಹೇಳಿಕೊಟ್ಟೆ. ಏಳನೆಯದನ್ನು ಯಾರಿಗೂ ಹೇಳಲಿಲ್ಲ. ಅಪ್ಪ ತೀರಿಕೊಂಡಾಗ ಶಂಕ್ರಪ್ಪ ಕಾಕಾ ಓಣಿಯ ಬೇವಿನಗಿಡದ ಕೆಳಗೆ ದೂರ ನಿಂತಿದ್ದ. ಅಪ್ಪನನ್ನು ಹೊತ್ತು ಮುಂದೆ ಸಾಗಿದಾಗ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಓಡಿ ಹೋಗಿ ಅವನ ಕಾಲು ಹಿಡಿದು ಹೇಳಬೇಕೆನಿಸಿತು, ಹೋಗಲಿಲ್ಲ. ಎರಡು ವರ್ಷಕ್ಕೆ ಅವನೂ ಹೋದ. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಉಳಿದವಳು ಚಿಗವ್ವ ಒಬ್ಬಳೇ. ಅವಳ ಕಣ್ಣು ತಪ್ಪಿಸಿ ತವರಿಗೆ ಹೋಗಿಬರುವುದನ್ನು ನಾನು ಚೆನ್ನಾಗಿ ಕಲಿತುಬಿಟ್ಟಿದ್ದೆ.

ಹುಣ್ಣಿಮೆಯ ದಿನ ಮುಂಜಾನೆ ಗಜೇಂದ್ರಗಡದ ಆ ಖೋಲಿಯಲ್ಲಿ ನಿಂತೆ. ಬರ್ಲಿನ್ ಬರೆದೆ, ಯುದ್ಧ ಮುಗಿಯುವ ಮೊದಲೇ ಕಪ್ಪು ಸಮುದ್ರದ ದಂಡೆಯಲ್ಲಿ ಕೂತು ಗೆಲ್ಲುವ ದೇಶಗಳ ನಾಯಕರು ಮಾಡಿಕೊಂಡ ಒಪ್ಪಂದ ಹೇಳಿದೆ, ಅದೇ ಒಪ್ಪಂದವನ್ನು ಒಬ್ಬರು ಒಂದು ರೀತಿ ಇನ್ನೊಬ್ಬರು ಒಂದು ರೀತಿ ಓದಿಕೊಂಡದ್ದು ಹೇಳಿದೆ. ಪಾಳುಬಿದ್ದ ಯುರೋಪಿಗೆ ಅಮೆರಿಕ ನೆರವು ಕೊಡುತ್ತೇನೆಂದರೆ ರಷ್ಯಾಕ್ಕೆ ಅದು ಬಲೆಯಂತೆ ಕಂಡಿತು. ರಷ್ಯಾ ತನ್ನ ಮೈ ಕಾಯಲು ಸುತ್ತ ಬೇಲಿ ಹಾಕಿಕೊಂಡರೆ ಅಮೆರಿಕಕ್ಕೆ ಅದು ದಂಡೆತ್ತಿ ಬರುವ ತಯಾರಿಯಂತೆ ಕಂಡಿತು ಅಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಮೇಡಂ, ಇದೆಲ್ಲಾ ಖರೇ ರೀ. ಆದ್ರ ಅ ಹಾಕೂದೋ ಈ ಹಾಕೂದೋ? ತಪ್ಪಾದ್ರ ಇದ್ದ ಮಾರ್ಕೂ ಹೋಗ್ತಾವ್ರಿ."

ಎಲ್ಲರೂ ಪೆನ್ನು ಹಿಡಿದು ನನ್ನ ಬಾಯಿ ನೋಡುತ್ತಿದ್ದರು. ಹೊರಗೆ ಹೊಲಕ್ಕೆ ಹೊರಟ ಟ್ರ್ಯಾಕ್ಟರುಗಳ ಸದ್ದು. ನನ್ನ ಬಾಯಿಂದ ಬಂದದ್ದು ನನಗೇ ವಿಚಿತ್ರವೆನಿಸಿತು. "ಕೇಳಿ ಹೇಳ್ತೀನವಾ" ಅಂದೆ. ಯಾರನ್ನು ಕೇಳಿ ಎಂದು ಅವಳು ಕೇಳಲಿಲ್ಲ. ಈರಣ್ಣ ತಲೆ ಕೆರೆದುಕೊಂಡ.

ರೋಣದ ನೇರ ಬಸ್ಸು ಬಿಟ್ಟು ಜಕ್ಕಲಿಯ ಬಸ್ಸು ಹತ್ತಿದೆ. ಚಿಗವ್ವ ಮನೆಯಲ್ಲಿರಲಿಲ್ಲ, ಎಂಬತ್ತು ದಾಟಿದರೂ ಹುಣ್ಣಿಮೆಗೆ ಹೊಲ ಬಿಡುವವಳಲ್ಲ. ಹೊಲಕ್ಕೇ ನಡೆದೆ. ಬನ್ನಿಮರದ ಕೆಳಗೆ ಕೌದಿ ಹಾಸಿಕೊಂಡು ಒಬ್ಬಳೇ ಕೂತಿದ್ದಳು. ಮಗ ಸೊಸೆ ಚರಗ ಚೆಲ್ಲುತ್ತ ಹೊಲದ ಆಚೆ ತುದಿಗೆ ಹೋಗಿದ್ದರು. ಹಣೆಗೆ ಕೈ ಹಚ್ಚಿ ನನ್ನನ್ನು ನೋಡಿದಳು.

"ಯಾರಾಕಿ? ಬಸಪ್ಪನ ಮಗಳೇನು? ಬಾ, ಕುಂಡ್ರು. ಬಿಸಲಾಗ ಬಂದೀದಿ, ನೀರ ಕುಡಿ."

ಅರ್ಧ ಶತಮಾನದ ಮೇಲೆ ಬಂದವಳಿಗೆ ಅಷ್ಟೇ ಸ್ವಾಗತ. ನೀರು ಕುಡಿದೆ. ಇನ್ನು ತಡ ಮಾಡಿದರೆ ಮತ್ತೆ ‘ಏನಿಲ್ಲ’ ಅಂದೇನು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. "ಚಿಗವ್ವ, ಆವತ್ತ ಬದುವಿನ ಕಲ್ಲ ಅಪ್ಪ ಕಿತ್ತಿಲ್ಲ. ನಾ ಒಯ್ದಿದ್ದೆ. ಪಾಂಡವರ್ಗೆ ಅಂತ. ಗೊತ್ತಾಗಲಿಲ್ಲ ನನಗ."

ಚಿಗವ್ವ ಎಲೆಯ ಮೇಲಿನ ಇರುವೆಯನ್ನು ಊದಿ ಹಾರಿಸಿದಳು. "ನಾ ನೋಡಿದ್ನಲ್ಲವಾ" ಅಂದಳು. "ಇದ ಗಿಡದ ಕೆಳಗ ಕುಂತಿದ್ದೆ. ಲಂಗಾದಾಗ ಒಂದೊಂದ ಹೊತಗೊಂಡ ಹೋಗಾಕತ್ತಿದ್ದಿ. ಬಿದ್ದಗಿದ್ದೀಯೇನೋ ಅಂತ ಅಂಜಿದ್ದೆ."

ಕೈಯಲ್ಲಿದ್ದ ನೀರಿನ ತಂಬಿಗೆ ಕೆಳಗಿಟ್ಟೆ. "ಮತ್ತ ಕಾಕಾಗ ಹೇಳಲಿಲ್ಲೇನು?"

"ಹೇಳಿದೆ. ಅವತ್ತ ಹೇಳಿದೆ. ಸಣ್ಣ ಹುಡಗಿ, ತಿಳೀದ ಒಯ್ದಾಳ ಅಂದೆ. ಇವರು, ನಿಮ್ಮ ಕಾಕಾ, ಏನಂದ್ರು? ‘ಆಕಿ ಒಯ್ದಿಲ್ಲ, ಹುಡಗಿ ಕೈಲೆ ಒಯಿಸ್ಯಾರ’ ಅಂದ್ರು." ಕೌದಿಯ ಅಂಚು ಸರಿಮಾಡಿಕೊಂಡು, "ಮದಲ ನಾ ನಂಬಲಿಲ್ಲ. ಆಮ್ಯಾಲೆ ನಂಬಿದೆ. ದಿನಾ ಒಂದ ಮಾತ ಕೇಳಿದ್ರ ನಂಬಿಕಿ ಬರತೈತಿ" ಅಂದಳು.

ನಲವತ್ತೈದು ವರ್ಷ ಹೊತ್ತ ಭಾರ ಇಳಿಯಿತೆಂದು ನಾನು ಹಗುರಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಗೊತ್ತಿದ್ದೂ ಸುಮ್ಮನಿದ್ದರೆಂದರೆ ನನ್ನ ಅಪರಾಧ ಎಲ್ಲಿಗೆ ಹೋಯಿತು? "ಹಂಗಾರ ಜಗಳಾ ಯಾಕ ಹತ್ತಿತು?" ಎಂದು ಕೇಳಿದೆ. ಈರಣ್ಣನ ಕ್ಲಾಸಿನ ಹುಡುಗಿಯ ದನಿ ನನ್ನ ಗಂಟಲಿನಲ್ಲಿ ಕೇಳಿಸಿತು.

"ಯಾಕಂದ್ರ, ರೋಣದ ಹೋಟೆಲ್ಲಿನಾಗ ನಿಮ್ಮಪ್ಪ ಅಂದ್ನಂತ, ‘ನನ್ನ ಸಾಕ್ಷಿ ಇಲ್ಲದಿದ್ರ ಶಂಕ್ರಪ್ಪಗ ಹೊಲಾ ಎಲ್ಲಿಂದ ಬರತಿತ್ತು’ ಅಂತ. ಅದ ಇವರ ಹೊಟ್ಟ್ಯಾಗ ಕುಂತಿತು."

ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಅವಳೇ, "ಅಲ್ಲ, ಅದಕ್ಕೂ ಮದಲ. ಪಾಲಾಗೂ ಮುಂಚೇನ ಇವರು ರಾಜೂರಿಗೆ ಹೋಗಿ ಬಿಳಿಯಗ ಜೋಡಿ ಎತ್ತ ನೋಡಿ ಬಂದಿದ್ರು. ನಿಮ್ಮಪ್ಪಗ ಯಾರೋ ಹೇಳಿದ್ರು" ಅಂದಳು. ಆಮೇಲೆ ದನಿ ತಗ್ಗಿಸಿ, "ಖರೇ ಹೇಳಬೇಕಂದ್ರ ನಂದೂ ತಪ್ಪೈತಿ. ಹುಣ್ಣಿಮಿ ಹಿಂದಿನ ದಿನಾ ನಿಮ್ಮವ್ವಗ ‘ನಾಳೆ ನಮ್ಮ ಗಿಡದ ಕೆಳಗ ಬಾರವಾ’ ಅಂದೆ. ನಮ್ಮ ಗಿಡ ಅಂದೆ. ಆಕಿ ಮಾರಿ ಸಣ್ಣದಾತು. ನಾ ಬ್ಯಾರೆ ಏನೂ ಅಂದಿಲ್ಲ" ಅಂದಳು.

ಮೂರು ಕಾರಣ, ಮೂರೂ ಖರೇ. ಹಲಗೆ ಇದ್ದಿದ್ದರೆ ಬರೆದುಕೊಳ್ಳುತ್ತಿದ್ದೆನೇನೋ. ಆಮೇಲೆ ಚಿಗವ್ವ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು.

"ಈಗ ಅವರ ಯಾರೂ ಇಲ್ಲ. ನನಗೊಂದ ಹೇಳಿಬಿಡು ಮಗಳ. ಖರೇನ, ನಿಮ್ಮಪ್ಪ ಕಳಿಸಿದ್ನೇನು ನಿನ್ನ?"

ನಾನು ಹೇಳಲು ಬಂದದ್ದನ್ನು ಕೇಳಲು ಅವಳೂ ಇಷ್ಟು ವರ್ಷ ಕಾದಿದ್ದಳು. "ಇಲ್ಲ ಚಿಗವ್ವ. ಅವ್ವ ಐದ ಕಲ್ಲ ಹುಡಿಕ್ಕೊಂಡ ಬಾ ಅಂದ್ಲು, ನಾ ಹೋದೆ" ಎಂದೆ. ಎನ್ನುತ್ತಿದ್ದಂತೆಯೇ ಕಣ್ಣ ಮುಂದೆ ಅವ್ವ ನಿಂತಳು: ಬುಟ್ಟಿ ಇಳಿಸಿದವಳು, ಸೆರಗಿನಿಂದ ಮುಖ ಒರೆಸಿಕೊಂಡವಳು, ಬಲಗೈ ಚಾಚಿದವಳು. ಕೈ ಚಾಚಿದ್ದಳೇ? ಯಾವ ಕಡೆಗೆ? "ಅಲ್ಲಿ ನೋಡ ಹೋಗು" ಅಂದಿದ್ದಳೇ? ಐವತ್ತು ವರ್ಷದಲ್ಲಿ ಎಂದೂ ಕಾಣದ ಆ ಕೈ ಈಗ ಎಲ್ಲಿಂದ ಬಂತು? ಚಿಗವ್ವನ ಪ್ರಶ್ನೆ ಅದನ್ನು ಹುಟ್ಟಿಸಿತೋ, ಅದು ಅಲ್ಲಿ ಇದ್ದದ್ದೇ ಹೌದೋ? ಗೊತ್ತಿರುವುದು ಇದೊಂದೇ ಎಂದು ಬಂದಿದ್ದೆ, ಅದೂ ಕೈಬಿಟ್ಟಿತು.

ನನ್ನ ಮುಖ ನೋಡಿ ಅವಳಿಗೆ ಏನು ತಿಳಿಯಿತೋ. ಮೊಣಕಾಲ ಮೇಲಿನ ಕೈ ತೆಗೆಯಲಿಲ್ಲ, ಮತ್ತೆ ಕೇಳಲೂ ಇಲ್ಲ. ಬುಟ್ಟಿ ನನ್ನ ಕಡೆ ಸರಿಸಿದಳು.

"ಐದು ಮಂದೀಗೆ ಎಡಿ ಆಗೇತಿ. ಹಿಂದಿನಾವಂಗ ಇನ್ನೂ ಹಿಡದಿಲ್ಲ. ನನಗ ಬಗ್ಗಾಕ ಆಗೂದಿಲ್ಲ. ನೀ ಹಿಡಿ."

"ಕಳ್ಳಗೇನು?"

"ಹೂಂ. ಅಂವಾ ಹಸದಿರತಾನ."

ಪಾಂಡವರನ್ನು ಸುತ್ತಿ ಮರದ ಬುಡಕ್ಕೆ ಬಗ್ಗಿದೆ. ಆರನೆಯ ಕಲ್ಲು ನೆರಳಿನಲ್ಲಿ ಕೂತಿತ್ತು, ಅದಕ್ಕೆ ಸುಣ್ಣವೂ ಇರಲಿಲ್ಲ, ಕುಂಕುಮವೂ ಇರಲಿಲ್ಲ. ಎಲೆಯಲ್ಲಿ ಕಡಬು, ಹೋಳಿಗೆ, ಪಲ್ಯ ಇಟ್ಟು ಅದರ ಮುಂದೆ ಹಿಡಿದೆ. ಕಣ್ಣು ತುಂಬಿ ಬಂದು ಸ್ವಲ್ಪ ಹೊತ್ತು ಏಳಲಾಗಲಿಲ್ಲ. ಇವನು ಯಾರು, ಏನು ಕದ್ದ, ತಾನಾಗಿ ಕದ್ದನೋ ಯಾರಾದರೂ ಕಳಿಸಿದರೋ ಎಂದು ನಮ್ಮ ಕಡೆ ಯಾರೂ ವಿಚಾರಣೆ ಮಾಡಿಲ್ಲ. ಊಟ ಮಾತ್ರ ತಪ್ಪಿಸಿಲ್ಲ. ಎದ್ದು ಬಂದಾಗ ಚಿಗವ್ವ ನನಗೂ ಎಲೆ ಹಾಕಿದ್ದಳು.

ಸಂಜೆಗೆ ರೋಣಕ್ಕೆ ಬಂದೆ. ಈರಣ್ಣನ ಫೋನು ಬಂತು. "ಅಕ್ಕೋರ, ಕೇಳಿ ಹೇಳ್ತೀನಿ ಅಂದಿದ್ರಿ. ಕೇಳಿದ್ರೇನ್ರಿ?"

"ಕೇಳಿದೆ" ಅಂದೆ. "ಪರೀಕ್ಷಾದಾಗ ‘ಈ’ ಹಾಕಸು. ಖರೇ ಉತ್ತರಾ ನನಗೂ ಗೊತ್ತಿಲ್ಲ ಅಂತ ಆ ಹುಡುಗಿಗೆ ಹೇಳಿಬಿಡು." ಮೂವತ್ತು ವರ್ಷದ ನೌಕರಿಯಲ್ಲಿ ಈ ಮಾತನ್ನು ನಾನು ಯಾವ ವಿದ್ಯಾರ್ಥಿಗೂ ಹೇಳಿರಲಿಲ್ಲ.

ಮೇಜಿನ ಮೇಲೆ ಹಾಳೆಗಳು ಹಾಗೇ ಇದ್ದವು, ಅವುಗಳ ಮೇಲೆ ಗುಡ್ಡದ ಕೆಂಪು ಕಲ್ಲು. ಚಿಗವ್ವ ಬರುವಾಗ ಎಲೆಯಲ್ಲಿ ಒಂದು ಹೋಳಿಗೆ ಕಟ್ಟಿಕೊಟ್ಟಿದ್ದಳು. ಬಿಚ್ಚಿ, ಅರ್ಧ ಮುರಿದು ಕಲ್ಲಿನ ಮುಂದೆ ಇಟ್ಟೆ. ಇನ್ನರ್ಧ ನಾನು ತಿಂದೆ.